ಕೌದಿಯವ್ವನಿಗೆ ನಾನು ಕೊಟ್ಟ ಉತ್ತರ

ಸೂಜಿ ಏಳು ಪದರು ಬಟ್ಟೆಯನ್ನು ದಾಟುವಾಗ ‘ಟಪ್’ ಎನ್ನುತ್ತಿತ್ತು. ಅದರ ಹಿಂದೆಯೇ ಉದ್ದನೆಯ ದಾರ ‘ಸರ್ರ್’ ಎಂದು ಎಳೆದುಕೊಂಡು ಬರುತ್ತಿತ್ತು. ಟಪ್, ಸರ್ರ್. ಟಪ್, ಸರ್ರ್. ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ಆ ಬೇಸಿಗೆಯ ಮೂರು ವಾರ, ಫ್ಯಾನಿನ ಗಿರಗಿರದ ಕೆಳಗೆ, ಇದೇ ಸದ್ದು. ನಾನು ಒಳಗಿನ ಕೋಣೆಯಲ್ಲಿ ಟೇಬಲ್ಲಿಗೆ ಕುಳಿತು ಇಂಗ್ಲಿಷ್ ಪಾಂಪ್ಲೆಟ್ಟುಗಳನ್ನು ಕನ್ನಡಕ್ಕೆ ಮಾಡುತ್ತಿದ್ದೆ. ಆ ಸದ್ದು ನನಗೆ ಡಿಸ್ಟರ್ಬ್ ಆಗುತ್ತಿತ್ತು. ಹೊರಗೆ ಬಂದು, “ಸ್ವಲ್ಪ ಹಳೂಕ ಹೊಲಿಯವಾ,” ಅಂತ ಒಂದು ಸಲ ಹೇಳಿಯೂ ಇದ್ದೆ.

ಹೊಲಿಯುತ್ತಿದ್ದವಳು ಸವದತ್ತಿ ಕಡೆಯ ಹೂಲಿಯವಳು. ನನಗಿಂತ ಮೂರು ನಾಲ್ಕು ವರ್ಷ ಚಿಕ್ಕವಳಿದ್ದಿರಬೇಕು. ಹೊಲದ ಕೆಲಸ ಮುಗಿದ ಮೇಲೆ ಪ್ರತಿವರ್ಷ ನಮ್ಮ ಓಣಿಯಲ್ಲಿದ್ದ ತಂಗಿಯ ಮನೆಗೆ ಬಂದು ಇರುತ್ತಿದ್ದಳು. ಬಂದವಳು ಸುಮ್ಮನೆ ಕೂರುವ ಪೈಕಿ ಅಲ್ಲ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಮನೆಮನೆಗೆ ಕೌದಿ ಹೊಲಿದು ಕೊಡುತ್ತಿದ್ದಳು. ನಮ್ಮ ಮನೆಯಲ್ಲಿ ಎಲ್ಲರೂ ಅವಳನ್ನು ಕೌದಿಯವ್ವ ಅನ್ನುತ್ತಿದ್ದರು. ಮೊಮ್ಮಗಳು ಬಾಣಂತನಕ್ಕೆ ಬರುವವಳಿದ್ದಳು. ನನ್ನ ಅಮ್ಮನ ಎರಡು ಸೀರೆ, ಅತ್ತೆಯ ಎರಡು ಸೀರೆ ಟ್ರಂಕಿನಿಂದ ತೆಗೆದುಕೊಟ್ಟು, ಕೂಸಿಗೆ ಒಂದು ಕೌದಿ ಆಗಲಿ ಎಂದೆ.

ಆ ವರ್ಷ ನಾನು ಬೇರೆಯೇ ಒಂದು ಹುರುಪಿನಲ್ಲಿದ್ದೆ. ಕಿತ್ತೂರಿನ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ಯಜಮಾನರು ತೀರಿಕೊಂಡ ಮೇಲೆ ದಿನಗಳು ಉದ್ದವಾಗಿದ್ದವು. ಓಣಿಯ ನಮ್ಮ ಮುಸಲ್ಮಾನ ಹೆಣ್ಣುಮಕ್ಕಳು ಶುಕ್ರವಾರ ಮಧ್ಯಾಹ್ನ ಒಂದು ಮನೆಯಲ್ಲಿ ಸೇರಿ ದೀನಿನ ಮಾತು, ಧರ್ಮದ ಮಾತು ಕೇಳುತ್ತಿದ್ದರು. ಹೊರಗಿನ ಊರಿನಿಂದ ಚಿಕ್ಕ ವಯಸ್ಸಿನ ಒಬ್ಬ ಮೇಡಂ ಲ್ಯಾಪ್‌ಟಾಪ್ ಹಿಡಿದು ಬಂದು ದಾವಾ ಬಗ್ಗೆ, ಎಂದರೆ ಪರರನ್ನು ನಮ್ಮ ಧರ್ಮಕ್ಕೆ ಕರೆಯುವ ಬಗ್ಗೆ, ಕ್ಲಾಸ್ ಮಾಡಿದಳು. ಈಗ ಈ ಮಾತು ಎತ್ತಿದರೆ ಜನ ಹುಬ್ಬು ಏರಿಸುತ್ತಾರೆ. ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ: ಅಲ್ಲಿ ಯಾರೂ ಯಾರಿಗೂ ಆಸೆ ತೋರಿಸಲು, ಒತ್ತಾಯ ಮಾಡಲು ಹೇಳಲಿಲ್ಲ. ಆ ಮೇಡಂ ಕೂಡ ವಿವೇಕದಿಂದ, ಮೆದುವಾಗಿ, ಒಳ್ಳೆಯ ಮಾತಿನಿಂದ ಕರೆಯಬೇಕು ಎಂದೇ ಶುರು ಮಾಡಿದ್ದಳು. ಆ ಸಾಲನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅಂಡರ್‌ಲೈನ್ ಮಾಡಿದ್ದೆ. ಆಮೇಲಿನ ಪಾಯಿಂಟುಗಳೇ ನನಗೆ ಹೆಚ್ಚು ರುಚಿಸಿದವು: ಯಾವ ಪ್ರಶ್ನೆಗೆ ಯಾವ ಉತ್ತರ, ಯಾವ ಆಬ್ಜೆಕ್ಷನ್ನಿಗೆ ಯಾವ ರಿಪ್ಲೈ. “ಆಂಟಿ, ನಿಮ್ಮ ಇಂಗ್ಲಿಷ್ ಎಷ್ಟು ಚೆಂದ! ಟ್ರಾನ್ಸ್‌ಲೇಶನ್ ನೀವೇ ಮಾಡಬೇಕು,” ಎಂದಳು ಆಕೆ. ರಿಟೈರ್ ಆದ ಮೇಲೆ ನನ್ನ ಇಂಗ್ಲಿಷನ್ನು ಹೊಗಳಿದವರು ಯಾರೂ ಇರಲಿಲ್ಲ. ನಾನು ಉಬ್ಬಿಹೋದೆ.

ಹೀಗೆ ತಯಾರಾದ ನನಗೆ ಮೊದಲು ಸಿಕ್ಕವಳು ಪಡಸಾಲೆಯಲ್ಲೇ ಕುಳಿತಿದ್ದ ಕೌದಿಯವ್ವ. ಎದ್ದು ಹೋಗುವಂತಿಲ್ಲ, ಕೈಯಲ್ಲಿ ಕೆಲಸ, ಕಾಲ ಮೇಲೆ ಕೌದಿ. ಒಳ್ಳೆಯ ಲಿಸನರ್.

ದಿನಾ ಹನ್ನೊಂದು ಗಂಟೆಗೆ ಅವಳಿಗೆ ಚಹಾ ಕೊಟ್ಟು ಎದುರಿಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ದೇವರು ಒಬ್ಬನೇ, ನಮ್ಮ ಕಲಿಮಾ ಹೇಳುವುದೂ ಅದನ್ನೇ ಎಂದೆ. “ಹೌದಲ್ರಿ, ಒಬ್ಬಾಂವನ,” ಎಂದಳು. ಸತ್ತ ಮೇಲೆ ಎಲ್ಲರಿಗೂ ಲೆಕ್ಕ ಇದೆ, ಸ್ವರ್ಗ ಇದೆ, ನರಕ ಇದೆ ಎಂದೆ. “ಇರಬೇಕ್ರಿ, ಇಲ್ಲಾಂದ್ರ ಈ ಊರಾನ ಕೆಲವು ಮಂದಿನ್ನ ಎಲ್ಲಿ ಇಡೂದು?” ಎಂದು ನಕ್ಕಳು. ಮೂರನೆಯ ದಿನ ನನ್ನದೇ ಅನುವಾದದ ಹೊಳೆಯುವ ಪಾಂಪ್ಲೆಟ್ ಕೊಟ್ಟೆ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡಳು. ಮರುದಿನ ನೋಡಿದರೆ ಅದನ್ನು ನಾಲ್ಕು ಮಡಿಕೆ ಮಾಡಿ, ಸೂಜಿಗಳನ್ನೆಲ್ಲ ಅದಕ್ಕೆ ಸಾಲಾಗಿ ಚುಚ್ಚಿಟ್ಟಿದ್ದಳು.

“ಇದೇನವಾ, ಓದಲಿಲ್ಲೇನು?”

“ನನಗೆಲ್ಲಿ ಓದಾಕ ಬರತೈತ್ರಿ ಅಕ್ಕೋರ? ಹಾಳಿ ಭಾಳ ಗಟ್ಟಿ ಐತಿ. ಸೂಜಿಗೆ ಚಲೋ ಆತು.”

ಮೂವತ್ತೊಂದು ವರ್ಷ ಟೀಚರ್ ಆಗಿದ್ದವಳು ನಾನು. ಎಂಟು ಬೇಸಿಗೆ ನಮ್ಮ ಮನೆಗೆ ಬಂದವಳಿಗೆ ಓದಲು ಬರುತ್ತದೋ ಇಲ್ಲವೋ ಎಂದು ಒಮ್ಮೆಯೂ ಕೇಳಿರಲಿಲ್ಲ. ಆಗ ನಾಚಿಕೆ ಆಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು.

ಕೌದಿ ಮುಗಿಯುವ ದಿನ ಬಂತು. ನಮ್ಮ ಕಡೆ ಕೌದಿ ಹೊಲಿಯುವವರಲ್ಲಿ ಒಂದು ಪದ್ಧತಿ ಇದೆ. ಕೊನೆಗೆ ಒಂದು ಗೇಣು ಜಾಗ ಹೊಲಿಯದೆ ಬಿಡುತ್ತಾರೆ. ಅದರೊಳಗೆ ಹೋಳಿಗೆಯದೋ, ಮಾದಲಿಯದೋ ಒಂದು ಸಿಹಿ ತುತ್ತು ಇಟ್ಟು ಬಾಯಿ ಮುಚ್ಚುತ್ತಾರೆ. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಅನ್ನುತ್ತಾರೆ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗೆ ಇಡುವುದಿಲ್ಲವಂತೆ. ಹಿಂದಿನ ವರ್ಷಗಳಲ್ಲಿ ನಾನೇ ಶೀರಾ ಮಾಡಿ ಕೊಟ್ಟಿದ್ದೇನೆ, ನಕ್ಕಿದ್ದೇನೆ.

“ಅಕ್ಕೋರ, ಮನ್ಯಾಗ ಸೀ ಏನರ ಐತೇನ್ರಿ? ಇದರ ಹೊಟ್ಟಿ ತುಂಬಿಸಿ ಬಿಡತೇನಿ.”

“ಬ್ಯಾಡವಾ. ಬಟ್ಟಿಗೆಲ್ಲೆರ ಹೊಟ್ಟಿ ಇರತೈತೇನು? ಇನ್ನ ಮುಂದ ಇಂಥಾದ್ದು ನಮ್ಮ ಮನ್ಯಾಗ ನಡ್ಯೂದಿಲ್ಲ.”

“ಬಟ್ಟಿಗೆ ಹೊಟ್ಟಿ ಇರೂದಿಲ್ಲ ಅಂತ ನನಗ ಗೊತ್ತಿಲ್ಲೇನ್ರಿ?” ಎಂದು ನಕ್ಕಳು. ಆ ನಗು ಬೇಗ ಇಳಿಯಿತು. ಸೂಜಿಯನ್ನು ಬಟ್ಟೆಗೆ ಚುಚ್ಚಿ ಬಿಟ್ಟು, ಕೈ ತೊಡೆಯ ಮೇಲೆ ಇಟ್ಟುಕೊಂಡು ಹೇಳಿದಳು. ಅವಳಿಗೆ ಮೊದಲನೆಯದು ಹೆಣ್ಣು ಕೂಸು ಆಗಿತ್ತಂತೆ. ನಾಲ್ಕು ವರ್ಷದ್ದಿದ್ದಾಗ ವಾಂತಿ-ಜ್ವರ ಬಂತು. ಹೊಟ್ಟೆಗೆ ಏನೂ ಹಾಕಬೇಡಿ ಎಂದು ಡಾಕ್ಟರು ಹೇಳಿದ್ದರು. ಅಂದು ಹಬ್ಬ, ಪಕ್ಕದ ಮನೆಯಲ್ಲಿ ಹೋಳಿಗೆ ಬೇಯುವ ವಾಸನೆ.

“‘ಒಂದ ತುತ್ತ ಹೋಳಿಗಿ ಕೊಡಬೇ ಯವ್ವಾ’ ಅಂದ್ಲು. ನಾ ಕೊಡಲಿಲ್ರಿ. ನಾಳಿ ಕೊಡತೇನಿ ಅಂದೆ. ಮಧ್ಯಾಹ್ನಕ್ಕ ಹೋಗಿಬಿಟ್ಲು. ಹಸದ ಹೋದಾಕಿ ಅಕಿ. ಅವತ್ತಿನಿಂದ ಯಾರ ಮನಿ ಕೌದಿ ಹೊಲದ್ರೂ ಅದರಾಗ ಒಂದ ತುತ್ತ ಅಕಿದು. ಮಂದಿ ಕೌದಿ ಹೊಟ್ಟಿ ಅಂತಾರ, ನಾನೂ ಹೂಂ ಅಂತೇನಿ.”

ಆಮೇಲೆ ಮುಖ ಎತ್ತಿ ಕೇಳಿದಳು:

“ಅಕ್ಕೋರ, ನೀವು ಓದಿದಾರು. ಇಷ್ಟ ದಿನದಿಂದ ಮ್ಯಾಲಿನ ಸುದ್ದಿ ಹೇಳಾಕತ್ತೀರಿ. ಒಂದ ಹೇಳ್ರಿ ನನಗ. ನಿಮ್ಮ ದೇವರ ಕಡೆ ನನ್ನ ಕೂಸು ಅದಾಳೇನ್ರಿ? ಇದ್ರ, ಉಂಡಾಳೇನು?”

ಮೂರು ವಾರ ನಾನು ಆಡಿದ ಮಾತಿಗೆಲ್ಲ ಅವಳು ಕೇಳಿದ ಪ್ರಶ್ನೆ ಅದೊಂದೇ. ಅವಳಿಗೆ ಬೇಕಾಗಿದ್ದದ್ದೂ ಅದೊಂದೇ. ನನ್ನ ನೋಟ್‌ಬುಕ್ಕಿನಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಗೊತ್ತಿಲ್ಲ ಅನ್ನಲು ನನ್ನ ನಾಲಿಗೆ ಹೊರಳಲಿಲ್ಲ. ಬೇರೆ ಪ್ರಶ್ನೆಯ ಉತ್ತರವನ್ನು ತಂದು ಇದಕ್ಕೆ ಹಚ್ಚಿದೆ. ಅದೂ ಪುಸ್ತಕದ ಕನ್ನಡದಲ್ಲಿ:

“ಕಲಿಮಾ ನಂಬದವರಿಗೆ ಅಲ್ಲಿ ಜಾಗವಿಲ್ಲ.”

“ನಾಕ ವರ್ಷದಾಕಿಗೂ ಏನ್ರಿ?”

“ರೂಲ್ ಅಂದ್ರ ಎಲ್ಲಾರಿಗೂ ರೂಲ್.” ಪರೀಕ್ಷೆಗೆ ತಡವಾಗಿ ಬಂದ ಹುಡುಗಿಯರಿಗೆ ಹೇಳುತ್ತಿದ್ದ ಅದೇ ದನಿಯಲ್ಲಿ. ಅಷ್ಟಕ್ಕೇ ನಿಲ್ಲಲಿಲ್ಲ. “ಅಕಿದು ಆಗಿಹೋತು. ನೀನರ ಟೈಮ್ ಇದ್ದಾಗ ವಿಚಾರ ಮಾಡು,” ಎಂದೆ.

ಅವಳು ಸೂಜಿ ತೆಗೆದುಕೊಂಡಳು. ಉಳಿದ ಒಂದು ಗೇಣನ್ನು ಏನೂ ಇಡದೆ ಹೊಲಿದು ಮುಗಿಸಿದಳು. ದಾರವನ್ನು ಹಲ್ಲಿನಲ್ಲಿ ಕಡಿದಳು. ಕೌದಿ ಮಡಚಿ ಕುರ್ಚಿಯ ಮೇಲೆ ಇಟ್ಟು, ಚಹಾ ಬೇಡ ಎಂದು ಹೋದಳು. ಮುಂದಿನ ಶುಕ್ರವಾರ ನಾನು ಇದನ್ನು ಹೆಣ್ಣುಮಕ್ಕಳ ಮುಂದೆ ಹೇಳಿಕೊಂಡೆ. ಸತ್ಯವನ್ನು ಹೆದರದೆ ಹೇಳಿದ್ದಕ್ಕೆ ಎಕ್ಸಾಂಪಲ್ ಅಂತ. ಮಾಷಾ ಅಲ್ಲಾ ಎಂದರು ಕೆಲವರು. ನಾನು ಆ ಮೆಚ್ಚುಗೆಯನ್ನು ತೆಗೆದುಕೊಂಡೆ.

ಮಳೆಗಾಲದಲ್ಲಿ ರಾಮದುರ್ಗಕ್ಕೆ ಹೋಗಿದ್ದೆ. ಅಲ್ಲಿ ನನ್ನ ನಾದಿನಿ ಇದ್ದಾಳೆ. ಮಗ್ಗದವರ ಓಣಿ, ದಿನವಿಡೀ ಮಗ್ಗದ ಖಟಖಟ. ಆಕೆ ಓದಿದ್ದು ನಾಲ್ಕನೆಯ ಇಯತ್ತೆ. ಇಂಗ್ಲಿಷಿನಲ್ಲಿ ‘ಥ್ಯಾಂಕ್ಯೂ’ ಒಂದು ಬರುತ್ತದೆ. ಇಳಿಹೊತ್ತಿನ ಅಸರ್ ನಮಾಜಿನ ನಂತರ ಓಣಿಯ ಮಕ್ಕಳಿಗೆ ಅರಬಿ ಅಕ್ಷರ ಹೇಳಿಕೊಡುತ್ತಾಳೆ. ಮನೆಯಲ್ಲಿ ನಮ್ಮದು ಉರ್ದು. ಆದರೆ ಆ ಓಣಿಯಲ್ಲಿ ಇದ್ದು ಇದ್ದು, ಸಿಟ್ಟು ಬಂದರೆ ಅವಳ ಬಾಯಿಗೆ ಕನ್ನಡವೇ ಬರುವುದು. ಚಹಾ ಕುಡಿಯುತ್ತ ನನ್ನ ದಾವಾದ ಕತೆ ಹೇಳಿದೆ. ಕೌದಿಯವ್ವನ ಮಾತು ಬಂದಾಗ ಅವಳು ಬಸಿಯನ್ನು ಕೆಳಗಿಟ್ಟಳು.

“ಭಾಭಿ, ಏನ ಅಂದ್ರಿ ಅಕಿಗೆ?”

ಮತ್ತೊಮ್ಮೆ ಹೇಳಿದೆ.

“ಯಾರ ಹೇಳ್ಯಾರ ನಿಮಗ ಹಂಗಂತ?”

“ಯಾರು ಅಂದ್ರ… ಅದು ಜನರಲ್ ರೂಲ್…”

“ಸುಡ್ರಿ ನಿಮ್ಮ ಜನರಲ್ಲು! ನನ್ನ ಕಡೆ ಅಲಿಫ್ ಕಲಿಯೋ ಪೋರಿನ್ನ ಕೇಳ್ರಿ, ಹೇಳತೈತಿ. ತಾಯಿ ಕಣ್ಣಾಗ ಮಣ್ಣ ತೂರಿ ಬಂದೀರಲ್ಲ!”

ಅವಳು ಹೇಳಿದ್ದು ಇಷ್ಟು. ನಮ್ಮ ಪೈಗಂಬರರು ತಾವು ಕಂಡ ಕನಸೊಂದನ್ನು ಸಂಗಾತಿಗಳಿಗೆ ಹೇಳಿದ್ದರು. ಹಸಿರು ತೋಟ, ಅಲ್ಲಿ ಬಹಳ ಎತ್ತರದ ಒಬ್ಬ ಹಿರಿಯ ಪ್ರವಾದಿ, ಅವರ ಸುತ್ತ ಲೆಕ್ಕವಿಲ್ಲದಷ್ಟು ಮಕ್ಕಳು. ಚಿಕ್ಕಂದಿನಲ್ಲೇ ತೀರಿಹೋದ ಮಕ್ಕಳು. ನಮ್ಮ ನಂಬಿಕೆ ಇಲ್ಲದವರ ಮಕ್ಕಳೂ ಅಲ್ಲಿದ್ದಾರೆಯೇ ಎಂದು ಕೇಳಿದ್ದಕ್ಕೆ, ಅವರೂ ಇದ್ದಾರೆ ಎಂದಿದ್ದರು.

“ಇದನ್ನ ಹೇಳಿದ್ರ ಸಾಕಾಗಿತ್ತಲ್ಲ ಭಾಭಿ. ಇದಕ್ಕಿಂತ ಚಲೋ ಏನೈತಿ ನಮ್ಮ ಕಡೆ ಕೊಡಾಕ? ಅಕಿ ಬಂದ ಬಾಗಲಾ ಬಡದಾಳ. ನೀವು ಕದಾ ಹಾಕೀರಿ.”

ಬೈಲಹೊಂಗಲಕ್ಕೆ ವಾಪಸು ಬರುವ ಬಸ್ಸಿನಲ್ಲಿ ನನಗೆ ನೆನಪಾದದ್ದು ಕಾನ್ವೆಂಟ್. ಬೆಳಗಾವಿಯ ಹಾಸ್ಟೆಲಿನಲ್ಲಿ ನಾನೊಬ್ಬಳೇ ಮುಸಲ್ಮಾನಳಿದ್ದ ವರ್ಷದ ಒಂದು ಕತೆಯನ್ನು ನಾನು ಎಲ್ಲರಿಗೂ ಹೇಳುತ್ತೇನೆ. ರಮ್ಜಾನಿನಲ್ಲಿ ಒಬ್ಬ ಮುದುಕಿ ಸಿಸ್ಟರ್, ಯಾರೂ ಹೇಳದೆ, ಸಂಜೆಗೆ ಸರಿಯಾಗಿ ನನ್ನ ಡೆಸ್ಕಿನ ಮೇಲೆ ಮುಚ್ಚಿದ ತಾಟು ಇಟ್ಟು ಹೋಗುತ್ತಿದ್ದರು. ಆಕೆ ತನ್ನ ಧರ್ಮದ ಬಗ್ಗೆ ನನ್ನೊಡನೆ ಒಂದು ಮಾತೂ ಆಡಲಿಲ್ಲ. ಅವರ ಧರ್ಮದ ಮೇಲೆ ನನಗೆ ಇವತ್ತಿಗೂ ಗೌರವ ಇರುವುದು ಆ ತಾಟಿನಿಂದ. ಯಾರಿಗೂ ಹೇಳದ ಇನ್ನೊಂದು ಕತೆ ಇದೆ. ಅದೇ ವರ್ಷ ನನ್ನ ದಾದಿ, ಅಪ್ಪನ ಅಮ್ಮ, ತೀರಿಕೊಂಡರು. ನನಗೆ ಹತ್ತು ವರ್ಷ. ಸೀನಿಯರ್ ಹುಡುಗಿಯೊಬ್ಬಳು ಬಹಳ ಪ್ರೀತಿಯಿಂದ ನನ್ನ ಕೈ ಹಿಡಿದು, “ಯುವರ್ ಗ್ರ್ಯಾಂಡ್‌ಮದರ್ ಕಾಂಟ್ ಗೋ ಟು ಹೆವನ್, ಬಟ್ ಯು ಸ್ಟಿಲ್ ಕ್ಯಾನ್,” ಎಂದಿದ್ದಳು. ನಾನು ವಾರಗಟ್ಟಲೆ ಬಾತ್‌ರೂಮಿನಲ್ಲಿ ಕೂತು ಅತ್ತಿದ್ದೇನೆ. ಅವಳ ರಿಬ್ಬನ್ನಿನ ಬಣ್ಣ ಕೂಡ ನನಗೆ ನೆನಪಿದೆ. ಅವಳಾದರೂ ಹದಿನಾಲ್ಕು ವರ್ಷದವಳು. ನಾನು ಎಪ್ಪತ್ತೆರಡರವಳು, ಅದೇ ಮಾತನ್ನು ಒಬ್ಬ ತಾಯಿಗೆ ಹೇಳಿದ್ದೆ.

ಮರುದಿನವೇ ಹೂಲಿಗೆ ಹೋಗಬೇಕಿತ್ತು. ಹೋಗಲಿಲ್ಲ. ಮಂಡಿನೋವು, ಮೊಮ್ಮಗಳ ಕೂಸು, ಮಳೆ. ನೆಪಗಳಿಗೆ ಬರವಿರಲಿಲ್ಲ. ಮೊದಲು ನಮ್ಮ ಮಸೀದಿಯ ಹಿರಿಯ ಮೌಲಾನಾರನ್ನು ಕೇಳಿ ಕನ್‌ಫರ್ಮ್ ಮಾಡಿಕೊಳ್ಳಬೇಕು ಎಂದುಕೊಂಡೆ. ಕೇಳಿದೆ. ನಾದಿನಿ ಹೇಳಿದ್ದು ಸರಿ ಎಂದರು. “ಹೋಗಿ ಹೇಳಿ ಬನ್ನಿ. ಆ ಹೊಣೆ ನಿಮ್ಮ ಮೇಲೆ ಇದೆ,” ಎಂದೂ ಸೇರಿಸಿದರು. ಆಮೇಲೂ ಎರಡು ತಿಂಗಳು ಕಳೆದೆ. ಇವತ್ತು ಯೋಚಿಸಿದರೆ, ಕಾಲು ಎಳೆಯುತ್ತಿದ್ದದ್ದು ಮಂಡಿಯಲ್ಲ. ಒಬ್ಬ ಓದು ಬಾರದ ಹೆಂಗಸಿನ ಮನೆಗೆ ಹೋಗಿ ತಪ್ಪಾಯಿತು ಅನ್ನಬೇಕಲ್ಲ ಎಂಬುದು.

ಸಂಕ್ರಮಣ ಮುಗಿದ ವಾರ ಹೊರಟೆ. ಸವದತ್ತಿಯಲ್ಲಿ ಬಸ್ ಬದಲಿಸಿ ಹೂಲಿಯಲ್ಲಿ ಇಳಿದಾಗ ಹನ್ನೊಂದು ಗಂಟೆ. ಮನೆ ಕೇಳುತ್ತ ಹೋದೆ. ಅವಳು ಕಟ್ಟೆಯ ಮೇಲೆ ಮೊರದಲ್ಲಿ ಶೇಂಗಾ ಇಟ್ಟುಕೊಂಡು ಸುಲಿಯುತ್ತಿದ್ದಳು. ಒಂದು ಕಣ್ಣಿನ ಪೊರೆ ತೆಗೆಸಿದ್ದಳು, ಇನ್ನೊಂದು ಕಣ್ಣು ಹಾಲುಬಣ್ಣವಾಗಿತ್ತು.

“ಯಾರ್ರಿ? ಅಯ್ಯ, ಬೈಲಹೊಂಗಲದ ಅಕ್ಕೋರು! ಇಷ್ಟ ದೂರ ಬಂದೀರಿ ಅಂದ್ರ, ನಾ ಹೊಲದ ಕೌದಿ ಹರೀತೇನ್ರಿ?”

“ಕೌದಿ ಗಟ್ಟಿ ಐತಿ. ನಾ ಬ್ಯಾರೆ ಕೆಲಸಕ್ಕ ಬಂದೇನಿ.”

“ಫ್ರೀ ಬಸ್ ಆದಮ್ಯಾಲೆ ಮುದುಕ್ಯಾರಿಗೆ ಭಾಳ ಕೆಲಸ ಹುಟ್ಟ್ಯಾವು,” ಎಂದಳು. ಒಳಗೆ ಸೊಸೆ ನಕ್ಕಳು. ಚಹಾ ಬಂತು. ನಾನು ಕಪ್ಪು ಹಿಡಿದುಕೊಂಡೇ ಕುಳಿತೆ. ಸೊಸೆ ಕೊಡ ತೆಗೆದುಕೊಂಡು ನೀರಿಗೆ ಹೋದ ಮೇಲೆ ಹೇಳಿದೆ. ಅಂದು ಹೇಳಿದ್ದು ತಪ್ಪು, ಅದು ನಮ್ಮ ಧರ್ಮದ ಮಾತೇ ಅಲ್ಲ. ತೋಟ, ಎತ್ತರದ ಹಿರಿಯರು, ಮಕ್ಕಳು, ಎಲ್ಲವನ್ನೂ ಹೇಳಿದೆ. ಈ ಸಲ ಪುಸ್ತಕದ ಕನ್ನಡ ಬರಲಿಲ್ಲ. ಮಧ್ಯೆ ಮಧ್ಯೆ ತೊದಲಿದೆ.

ಅವಳು ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಇದು ನಿಮ್ಮ ಪುಸ್ತಕದಾಗ ಐತ್ಯೋ, ನನ್ನ ಸಮಾಧಾನಕ್ಕ ಹೇಳಾಕತ್ತೀರೋ?”

“ಪುಸ್ತಕದಾಗ ಐತಿ. ದೊಡ್ಡವರನ್ನ ಕೇಳೇ ಬಂದೇನಿ.”

“ಎಲ್ಲಾರ ಮಕ್ಕಳೂ?”

“ಎಲ್ಲಾರ ಮಕ್ಕಳೂ.”

“ಹಂಗಾದ್ರ ಅವತ್ತ ಯಾಕ ಹೇಳಲಿಲ್ರಿ?”

“ನನಗ ಗೊತ್ತಿರಲಿಲ್ಲವಾ.”

ಈಗ ಅವಳ ಕೈ ನಿಂತಿತು. “ಗೊತ್ತಿಲ್ಲ ಅನಬೇಕಾಗಿತ್ತಲ್ರಿ. ನಾ ದಿನಾ ಹತ್ತ ಸಲ ಅಂತೇನಿ. ಯಾರೂ ಬಡಿಯಾಂಗಿಲ್ಲ.” ಮೊರವನ್ನು ಬದಿಗೆ ಸರಿಸಿ, “ನಿಮ್ಮಲ್ಲಿಂದ ಬಂದಮ್ಯಾಲೆ ನಾಕ ಕೌದಿ ಹೊಲದ್ನಿ. ತುತ್ತ ಹಾಕಲಿಲ್ಲ. ಅಕಿಗೆ ಮುಟ್ಟೂದಿಲ್ಲ ಅಂದಮ್ಯಾಲೆ ಯಾಕ ಹಾಕೂದು ಅಂತ ಬಿಟ್ಟೆ,” ಎಂದಳು.

ಮೂರು ವಾರ ನಾನು ಅವಳಿಗೆ ಏನೇನೋ ಹೇಳಿದ್ದೆ. ಒಬ್ಬನೇ ದೇವರು, ಅವನ ಕರುಣೆ, ಪ್ರಾರ್ಥನೆ, ದಾನ. ಅದರಲ್ಲಿ ಅವಳು ನಂಬಿದ್ದು ಆ ಒಂದು ಮಾತನ್ನು. ಅದೊಂದೇ ಸುಳ್ಳಾಗಿತ್ತು.

ಕ್ಷಮಿಸು ಎಂದೆ. “ಇರಲಿ ಬಿಡ್ರಿ, ಚಾ ಆರಿತು,” ಎಂದಳು. ಕ್ಷಮಿಸಿದೆ ಅನ್ನಲಿಲ್ಲ. ಅದನ್ನು ನಾನು ಗಮನಿಸಿದೆ.

ಮಧ್ಯಾಹ್ನದ ಬಸ್ಸಿಗೆ ಸ್ಟಾಪಿನವರೆಗೆ ಬಂದಳು. ಬೇಡ ಎಂದರೂ ಕೇಳಲಿಲ್ಲ. ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆದಾಗ ಇದ್ದಕ್ಕಿದ್ದಂತೆ ನನ್ನ ಮುಂಗೈ ಹಿಡಿದಳು.

“ಅಕ್ಕೋರ, ಆ ತೋಟದಾಗ ಇರೋ ಹಿರ್ಯಾರು, ಮಕ್ಕಳಿಗೆ ಉಣ್ಣಾಕ ಹಾಕತಾರೇನ್ರಿ?”

ಹೌದು ಅನ್ನಬಹುದಿತ್ತು. ಅವಳ ಮುಖ ನೋಡಿದರೆ ಹೌದು ಅನ್ನಬೇಕೆಂದೇ ಅನಿಸಿತು.

“ನನಗ ಗೊತ್ತಿಲ್ಲವಾ. ಕೇಳಿ ಹೇಳತೇನಿ.”

“ಹೂಂ. ಬ್ಯಾಸಿಗಿಗೆ ತಂಗಿ ಮನಿಗೆ ಬರತೇನಿ. ಅವಾಗ ಹೇಳ್ರಿ.”

ಮೌಲಾನಾರನ್ನು ಕೇಳಿದೆ. ಆ ಹಿರಿಯರೂ ಅವರ ಪತ್ನಿಯೂ ಆ ಮಕ್ಕಳನ್ನು ತಂದೆತಾಯಿಯ ಜಾಗದಲ್ಲಿ ನಿಂತು ಸಾಕುತ್ತಾರೆ ಎಂಬ ಮಾತಿದೆ, ಸಾಕುವುದು ಎಂದರೆ ಉಣಿಸುವುದೂ ಬಂತಲ್ಲ ಎಂದರು. ಉತ್ತರ ನನ್ನ ಹತ್ತಿರ ಬಂದು ಕೂತಿತು. ಸೊಸೆಯ ಫೋನ್ ನಂಬರು ನನ್ನ ಡೈರಿಯಲ್ಲಿತ್ತು. ಇಂಥ ಮಾತು ಫೋನಿನಲ್ಲಿ ಹೇಳುವುದಲ್ಲ, ಎದುರು ಕೂತು ಹೇಳಬೇಕು, ಹೇಗೂ ಬೇಸಿಗೆಗೆ ಬರುತ್ತಾಳೆ ಎಂದುಕೊಂಡೆ. ಹೋಳಿ ಹುಣ್ಣಿವೆ ಕಳೆದ ಮೇಲೆ ಅವಳ ತಂಗಿ ನಮ್ಮ ಬಾಗಿಲಿಗೆ ಬಂದು, ಅಕ್ಕ ಹೋದಳು ಎಂದು ಹೇಳಿ ಹೋದಳು. ನಾಲ್ಕು ದಿನದ ಜ್ವರವಂತೆ.

ಅಂದು ಹೂಲಿಯಲ್ಲಿ ನಾನು ಬಸ್ಸು ಹತ್ತಿ ಎಡಗಡೆ ಮೂರನೆಯ ಕಿಟಕಿಯ ಹತ್ತಿರ ಕುಳಿತೆ. ಅವಳು ಕೆಳಗೆ ನಿಂತಿದ್ದಳು, ತಲೆಯ ಮೇಲಿನ ಸೆರಗನ್ನು ಬಿಸಿಲಿಗೆ ಮುಂದೆ ಎಳೆದುಕೊಂಡು. ನಾನು ಕರೆದೆ. ಇಂಜಿನ್ನಿನ ಸದ್ದಿನಲ್ಲಿ ಕೇಳಲಿಲ್ಲ. ನನ್ನ ಕಿಟಕಿ ಯಾವುದೆಂದು ಅವಳಿಗೆ ಕಾಣಲಿಲ್ಲ. ಒಂದೊಂದೇ ಕಿಟಕಿಯನ್ನು ನೋಡುತ್ತ ಹೋದಳು. ಬಸ್ಸು ಹೊರಟಾಗ ಹಿಂದಿನ ಸೀಟಿನಲ್ಲಿದ್ದ ಯಾರೋ ಅಪರಿಚಿತ ಹೆಂಗಸಿಗೆ ಕೈ ಎತ್ತಿದಳು. ಆ ಹೆಂಗಸು ನಕ್ಕು ತಾನೂ ಕೈ ಬೀಸಿದಳು.